ಆರು ಸಾಲಿನ ಲೆಕ್ಕಕ್ಕೆ ಒಂದು ವ್ಯಾಖ್ಯಾನ

ಐದು-ಆರನೆಯ ತರಗತಿಗೆ ಬರುವಷ್ಟರಲ್ಲಿ ಮಕ್ಕಳಿಗೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ನಾಲ್ಕೂ ಬರುತ್ತವೆ. ನಾಲ್ಕೂ ಒಂದೇ ಸಾಲಿನಲ್ಲಿ ಬಂದಾಗ ಮಾತ್ರ ಯಾವುದು ಮೊದಲು ಎಂಬ ಗೊಂದಲ ಶುರುವಾಗುತ್ತದೆ. ಅದಕ್ಕೆಂದೇ ನಮ್ಮ ಶಾಲೆಗಳಲ್ಲಿ, ಮಾಡಬೇಕಾದ ಕ್ರಮವನ್ನು ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಲ್ಲಿ ಹೇಳುವ ‘ಬೋಡ್‌ಮಾಸ್’ ಸೂತ್ರ ಹೇಳಿಕೊಡುತ್ತಾರೆ. ಮಕ್ಕಳು ಬಾಯಿಪಾಠವನ್ನೂ ಮಾಡುತ್ತಾರೆ. ಯಾಕೆ ಹಾಗೆ ಎಂದು ಕೇಳಿದರೆ ಮಾತ್ರ, ನಿಯಮವೇ ಹಾಗಿದೆ ಎಂಬ ಉತ್ತರ ಬರುತ್ತದೆ. ಈ ನಿಯಮ ಗಣಿತ ಬಲ್ಲವರು ಮಾಡಿಕೊಂಡ ಒಪ್ಪಂದ, ನಿಜ. ಆದರೆ ಕಾರಣವಿಲ್ಲದೆ ಮಾಡಿಕೊಂಡದ್ದಲ್ಲ. ಆ ಕಾರಣ ಮಗುವಿಗೆ ಕಾಣಬೇಕಾದರೆ ಚಿಹ್ನೆಗಳಿಗಿಂತ ಮೊದಲು ಒಂದು ಕಥೆ ಬೇಕು.

ಗೌರಿಯ ಕೈಯಲ್ಲಿ 60 ರೂಪಾಯಿ ಇದೆ. ಅಂಗಡಿಯಲ್ಲಿ 4 ಪೆನ್ಸಿಲ್‌ಗೆ 24 ರೂಪಾಯಿ. ಅವಳು ಅದೇ ದರದಲ್ಲಿ 2 ಪೆನ್ಸಿಲ್ ಕೊಂಡಳು. ಹಿತ್ತಲಲ್ಲಿ ಕಿತ್ತ 9 ನಿಂಬೆಹಣ್ಣುಗಳಲ್ಲಿ 4ನ್ನು ಮನೆಗೆ ಇಟ್ಟು, ಮಿಕ್ಕವನ್ನು ಒಂದಕ್ಕೆ 3 ರೂಪಾಯಿಯಂತೆ ಮಾರಿದಳು. ಈಗ ಅವಳ ಬಳಿ ಎಷ್ಟು ಹಣವಿದೆ?

ಸಾಲು 1: 60 − 24 ÷ 4 × 2 + (9 − 4) × 3

ಈ ಸಾಲಿನಲ್ಲಿ ಏನನ್ನೂ ಮಾಡುವಂತಿಲ್ಲ, ಓದಬೇಕು ಅಷ್ಟೆ. ಆವರಣದ ಹೊರಗಿರುವ ಕೂಡು ಮತ್ತು ಕಳೆ ಚಿಹ್ನೆಗಳ ಹತ್ತಿರ ಸಾಲನ್ನು ತುಂಡು ಮಾಡಿ, ಪ್ರತಿ ತುಂಡಿನ ಕೆಳಗೆ ಗೆರೆ ಎಳೆಯಲು ಮಕ್ಕಳಿಗೆ ಹೇಳಬೇಕು. ಮೂರು ತುಂಡು ಸಿಗುತ್ತವೆ: 60, 24 ÷ 4 × 2, (9 − 4) × 3. ಗಣಿತದಲ್ಲಿ ಇವನ್ನು ಪದಗಳು ಎನ್ನುತ್ತಾರೆ. ಮೊದಲನೆಯದು ಕೈಯಲ್ಲಿದ್ದ ಹಣ, ಎರಡನೆಯದು ಅಂಗಡಿಗೆ ಕೊಟ್ಟದ್ದು, ಮೂರನೆಯದು ನಿಂಬೆಹಣ್ಣಿನಿಂದ ಬಂದದ್ದು.

ಗುಣಾಕಾರ, ಭಾಗಾಕಾರಗಳನ್ನು ಮೊದಲು ಮಾಡಬೇಕು ಎನ್ನುವುದಕ್ಕೆ ಕಾರಣ ಇಲ್ಲೇ ಇದೆ. ಅಂಗಡಿಗೆ ಕೊಟ್ಟದ್ದು ಎಷ್ಟೆಂದು ಗೊತ್ತಾಗದೆ ಅದನ್ನು 60ರಿಂದ ಕಳೆಯುವುದು ಹೇಗೆ? ಎಡದಿಂದ ಹೊರಟು 60 − 24 = 36 ಎಂದು ಬರೆದ ಮಗು ಗೌರಿ ಕೊಳ್ಳದ ಪೆನ್ಸಿಲ್‌ಗಳಿಗೂ ದುಡ್ಡು ಕೊಟ್ಟಂತಾಯಿತು. ಹಾಗೆಂದು ಕೇಳಿದರೆ ತಪ್ಪನ್ನು ಮಗುವೇ ಹಿಡಿಯುತ್ತದೆ.

ಸಾಲು 2: = 60 − 24 ÷ 4 × 2 + 5 × 3

ಆವರಣ ಬಿಚ್ಚಿತು. 9ರಲ್ಲಿ 4 ಹೋಗಿ 5 ಹಣ್ಣು ಮಾರಾಟಕ್ಕೆ ಉಳಿಯಿತು. ಆವರಣ ಇಲ್ಲದೆ 9 − 4 × 3 ಎಂದು ಬರೆದಿದ್ದರೆ, 9ರಿಂದ 12 ಕಳೆಯಬೇಕು ಎಂದಾಗುತ್ತಿತ್ತು. ನಿಂಬೆಹಣ್ಣಿನಿಂದ ರೂಪಾಯಿ ಕಳೆಯಲು ಬರುತ್ತದೆಯೇ? ಸಾಮಾನ್ಯ ಕ್ರಮದಲ್ಲಿ ನಾವು ಹೇಳಬೇಕಾದ ಕಥೆ ಹೊರಡದಿದ್ದಾಗ, ‘ಇದನ್ನು ಮೊದಲು ಮಾಡಿ’ ಎಂದು ಹೇಳಲು ಆವರಣ ಹಾಕುತ್ತೇವೆ.

ಸಾಲಿನ ಆರಂಭದ ಸಮ ಚಿಹ್ನೆಯನ್ನೂ ಗಮನಿಸಬೇಕು. 1557ರಲ್ಲಿ ರಾಬರ್ಟ್ ರೆಕಾರ್ಡ್ ಈ ಚಿಹ್ನೆಯನ್ನು ಬಳಕೆಗೆ ತಂದಾಗ, ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳಷ್ಟು ಸಮವಾದದ್ದು ಬೇರೆ ಇಲ್ಲ ಎಂಬ ಕಾರಣ ಕೊಟ್ಟಿದ್ದ. ಮಕ್ಕಳ ಪಾಲಿಗೆ ಅದು ‘ಉತ್ತರ ಬರೆಯುವ ಜಾಗ’ ಆಗಿಬಿಟ್ಟಿರುತ್ತದೆ. 9 − 4 = 5 × 3 = 15 ಎಂದು ಒಂದೇ ಉಸಿರಿನಲ್ಲಿ ಬರೆಯುತ್ತಾರೆ; ಆಗ 9 − 4 ಮತ್ತು 15 ಸಮ ಎಂದು ಬರೆದಂತಾಗುತ್ತದೆ. ಬದಲಾಗದ ಭಾಗವನ್ನೂ ಪ್ರತಿ ಸಾಲಿನಲ್ಲಿ ಇಳಿಸಿ ಬರೆಯುವ ಅಭ್ಯಾಸ ಮಾಡಿಸಿದರೆ ಈ ತಪ್ಪು ನಿಲ್ಲುತ್ತದೆ.

ಸಾಲು 3: = 60 − 6 × 2 + 5 × 3

24 ÷ 4 ಎಂದರೆ ಒಂದು ಪೆನ್ಸಿಲ್‌ನ ಬೆಲೆ, 6 ರೂಪಾಯಿ. ಮೊದಲು 4 × 2 = 8 ಮಾಡಿ 24 ÷ 8 = 3 ಎಂದವರಿಗೆ ಕೊನೆಗೆ 72 ಬರುತ್ತದೆ. 8 ಪೆನ್ಸಿಲ್ ಕಥೆಯಲ್ಲಿ ಎಲ್ಲೂ ಇಲ್ಲ. ಭಾಗಾಕಾರಕ್ಕೂ ಗುಣಾಕಾರಕ್ಕೂ ದರ್ಜೆ ಒಂದೇ. ಎಡದಿಂದ ಬಲಕ್ಕೆ ಯಾವುದು ಮೊದಲು ಸಿಗುತ್ತದೋ ಅದನ್ನು ಮೊದಲು ಮಾಡಬೇಕು.

ಅಮೆರಿಕದ ಮಕ್ಕಳು ಕಲಿಯುವ ‘ಪೆಮ್ಡಾಸ್’ ಸೂತ್ರದಲ್ಲಿ ಗುಣಾಕಾರದ ಅಕ್ಷರ ಮುಂದಿದೆ, ನಮ್ಮ ಬೋಡ್‌ಮಾಸ್‌ನಲ್ಲಿ ಭಾಗಾಕಾರದ್ದು. ಅಕ್ಷರದ ಹಿಂದೆಯೇ ಹೋದರೆ ಅಲ್ಲಿನ ಮಗು ಇಲ್ಲಿ ಎಡವುತ್ತದೆ, ನಮ್ಮದು ಪಾರಾಗುತ್ತದೆ. ಆದರೂ 10 × 3 ÷ 2 ಕೊಟ್ಟು ನೋಡಿ. ಭಾಗಾಕಾರವೇ ಮೊದಲು ಎಂದು ಹಟ ಹಿಡಿದ ಮಗು 3 ÷ 2 ಎಂಬಲ್ಲಿ ಸುಮ್ಮನೆ ಸಿಕ್ಕಿಹಾಕಿಕೊಳ್ಳುತ್ತದೆ. ಎಡದಿಂದ ಬಂದರೆ 30 ÷ 2 = 15, ಎರಡೇ ಹೆಜ್ಜೆ.

ಸಾಲು 4: = 60 − 12 + 15

ಎರಡು ಗುಣಾಕಾರಗಳನ್ನೂ ಒಟ್ಟಿಗೇ ಮಾಡಿದ್ದೇವೆ. ಅವು ಬೇರೆ ಬೇರೆ ಪದಗಳಲ್ಲಿರುವುದರಿಂದ ಒಂದಕ್ಕೊಂದು ಅಡ್ಡಬರುವುದಿಲ್ಲ.

ಗುಣಾಕಾರಕ್ಕೆ ಈ ಮೊದಲ ಸ್ಥಾನ ಮಗುವಿಗೆ ಹೊಸತೇನೂ ಅಲ್ಲ. 345ನ್ನು ವಿಸ್ತರಿಸಿ 3 × 100 + 4 × 10 + 5 ಎಂದು ಕೆಳಗಿನ ತರಗತಿಯಲ್ಲೇ ಬರೆದಿರುತ್ತದೆ. ಬಂದಹಾಗೆ ಎಡದಿಂದ ಮಾಡುತ್ತ ಹೋದರೆ 300, 304, 3040, ಕೊನೆಗೆ 3045! ಗುಣಾಕಾರ ಮೊದಲು ಎಂಬ ಒಪ್ಪಂದ ಇರುವುದರಿಂದಲೇ ಇದನ್ನು ಆವರಣವಿಲ್ಲದೆ ಬರೆಯಲು ಸಾಧ್ಯವಾಗಿದೆ. ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲಿ 2 + 3 × 4 ಒತ್ತಿದರೆ ಸಾಮಾನ್ಯವಾಗಿ 20 ತೋರಿಸುತ್ತದೆ, ವೈಜ್ಞಾನಿಕ ಕ್ಯಾಲ್ಕುಲೇಟರ್ 14 ತೋರಿಸುತ್ತದೆ. ಮೊದಲಿನದು ಒತ್ತಿದ್ದನ್ನು ಒತ್ತಿದಂತೆ ಮಾಡುತ್ತ ಹೋಗುತ್ತದೆ, ಎರಡನೆಯದು ಇಡೀ ಸಾಲನ್ನು ನೋಡಿ ಮಾಡುತ್ತದೆ. ಎರಡನ್ನೂ ತರಗತಿಗೆ ತಂದು ಮಕ್ಕಳ ಕೈಗೇ ಕೊಟ್ಟರೆ ಒಳ್ಳೆಯ ಚರ್ಚೆ ನಡೆಯುತ್ತದೆ.

ಸಾಲು 5: = 48 + 15

ನಮ್ಮ ಮಕ್ಕಳು ಹೆಚ್ಚು ಎಡವುವ ಜಾಗ ಇದು. ಬೋಡ್‌ಮಾಸ್‌ನಲ್ಲಿ ಸಂಕಲನದ ಅಕ್ಷರ ವ್ಯವಕಲನಕ್ಕಿಂತ ಮೊದಲು ಬರುತ್ತದೆ. ಅದನ್ನು ನಂಬಿದ ಮಗು 12 + 15 = 27 ಮಾಡಿ, 60ರಿಂದ ಕಳೆದು 33 ಎನ್ನುತ್ತದೆ. ಪಾಠವನ್ನು ಶ್ರದ್ಧೆಯಿಂದ ಕಲಿತ ಮಗುವೇ ಹೀಗೆ ಮಾಡುವುದರಿಂದ, ಬರೀ ಕೆಂಪು ಶಾಯಿಯ ಅಡ್ಡಗೆರೆ ಎಳೆಯುವುದು ಅನ್ಯಾಯ. ‘ಗೌರಿ ನಿಂಬೆಹಣ್ಣು ಮಾರಿ ಬಂದ 15 ರೂಪಾಯಿ ಎಲ್ಲಿ ಹೋಯಿತು?’ ಎಂದು ಕೇಳಬೇಕು. ಬಂದ ಹಣ ಖರ್ಚಿನ ಜೊತೆ ಸೇರಿಹೋದದ್ದು ಆಗ ಕಾಣುತ್ತದೆ. ಕಳೆ ಚಿಹ್ನೆ ತನ್ನ ಬಲಕ್ಕಿರುವ 12ಕ್ಕೆ ಮಾತ್ರ ಸೇರಿದ್ದು, 15ಕ್ಕೆ ಅದರ ಹಂಗಿಲ್ಲ. ಕೂಡುವುದು, ಕಳೆಯುವುದು ಕೂಡ ಒಂದೇ ದರ್ಜೆಯವು. ಇಲ್ಲಿಯೂ ಎಡದಿಂದ ಬಲಕ್ಕೇ ಹೋಗಬೇಕು.

ಸಾಲು 6: = 63

ಉತ್ತರ ಬಂದ ಮೇಲೂ ಒಂದು ಕೆಲಸ ಉಳಿದಿದೆ. ಗೌರಿ ಮೊದಲು ನಿಂಬೆಹಣ್ಣು ಮಾರಿ, ಆಮೇಲೆ ಪೆನ್ಸಿಲ್ ಕೊಂಡಿದ್ದರೆ? 60 + 15 − 12, ಆಗಲೂ 63. ಪ್ರತಿ ಪದವೂ ತನ್ನ ಚಿಹ್ನೆಯನ್ನು ಜೊತೆಗಿಟ್ಟುಕೊಂಡು ಎಲ್ಲಿ ಕೂತರೂ ಬೆಲೆ ಬದಲಾಗುವುದಿಲ್ಲ. ಇದು ಗೊತ್ತಾದ ಮಗುವಿಗೆ ಹೈಸ್ಕೂಲಿನ ಬೀಜಗಣಿತ ಅರ್ಧ ಹಗುರಾಗುತ್ತದೆ, ಯಾಕೆಂದರೆ ಅಲ್ಲಿ ದಿನವೂ ಮಾಡುವುದು ಪದಗಳನ್ನು ಗುರುತಿಸಿ, ಚಿಹ್ನೆಸಮೇತ ಆಚೀಚೆ ಸರಿಸಿ ಸೇರಿಸುವ ಕೆಲಸವನ್ನೇ.

ಹಾಗಾಗಿ ಶಿಕ್ಷಕರಲ್ಲಿ ಒಂದು ಕೋರಿಕೆ: ಬೋಡ್‌ಮಾಸ್ ಬೇಡ ಎನ್ನುವುದಿಲ್ಲ, ಅದನ್ನು ಕೊನೆಗೆ ಹೇಳಿಕೊಡಿ. ಮೊದಲು ಕಥೆಯಿಂದ ಸಾಲು ಬರೆಸಿ, ಆಮೇಲೆ ಸಾಲು ಕೊಟ್ಟು ಕಥೆ ಕಟ್ಟಿಸಿ. 20 − 3 × 4 ಮತ್ತು (20 − 3) × 4 ಎರಡಕ್ಕೂ ಬೇರೆ ಬೇರೆ ಕಥೆ ಹೇಳಬಲ್ಲ ಮಗು ಕ್ರಮವನ್ನು ಕಲಿತಿದೆ ಎಂದೇ ಅರ್ಥ. ಸೂತ್ರ ಮರೆತುಹೋದರೂ ಅದು ದಾರಿ ತಪ್ಪುವುದಿಲ್ಲ.