ಎಚ್‌ಎಎಲ್‌ ಪಿಇ: ಆರರಿಂದ ಐವತ್ತಕ್ಕೆ

ಷೇರು ಕೊಳ್ಳುವ ಮುನ್ನ ಕಂಪನಿಯ ಪಿಇ ಅನುಪಾತವನ್ನು (ಷೇರಿನ ಬೆಲೆ ಪ್ರತಿ ಷೇರಿನ ಗಳಿಕೆಯ ಎಷ್ಟು ಪಟ್ಟು ಎಂಬುದನ್ನು) ಅದರದೇ ಐದು ವರ್ಷದ ಸರಾಸರಿಯೊಂದಿಗೆ ತಾಳೆ ಹಾಕಿ, ಅಗ್ಗವೋ ತುಟ್ಟಿಯೋ ಎಂದು ತೀರ್ಮಾನಿಸುವುದು ಈಗಿನ ರೂಢಿ. ಸೋಪು, ಬಿಸ್ಕತ್ತು ಮಾರುವ ಕಂಪನಿಗಾದರೆ ಇದು ನಡೆದೀತು. ರಕ್ಷಣಾ ಕಂಪನಿಗೆ ನಡೆಯದು ಎನ್ನಲು ಬೆಂಗಳೂರಿನ ವಿಮಾನ ತಯಾರಿಕಾ ಕಂಪನಿ ಎಚ್‌ಎಎಲ್‌ ಒಂದೇ ಸಾಕು. 2018ರಲ್ಲಿ ಪೇಟೆಗೆ ಬಂದ ಈ ಷೇರು 2020ರ ಮಾರ್ಚ್‌ನಲ್ಲಿ 500 ರೂಪಾಯಿಯ ಆಸುಪಾಸಿಗೆ ಕುಸಿಯಿತು. ಆ ವರ್ಷ ಪ್ರತಿ ಷೇರಿನ ಗಳಿಕೆ ಸುಮಾರು 85 ರೂಪಾಯಿ; ಪಿಇ ಆರರಷ್ಟು. 2024ರ ಜುಲೈನಲ್ಲಿ ಬೆಲೆ 5,600 ದಾಟಿದಾಗ ಗಳಿಕೆ 114ರ ಹತ್ತಿರ, ಪಿಇ ಐವತ್ತರಷ್ಟು. ನಡುವೆ 2023ರಲ್ಲಿ ಒಂದು ಷೇರು ಎರಡಾಗಿದ್ದನ್ನು ಮರೆತವರು ಏರಿಕೆ 11 ಪಟ್ಟು ಅಂದುಕೊಳ್ಳುತ್ತಾರೆ. ಅದು 22 ಪಟ್ಟು. ಲಾಭವಾದರೋ 2,800 ಚಿಲ್ಲರೆ ಕೋಟಿಯಿಂದ 7,600 ಕೋಟಿಯ ಆಸುಪಾಸಿಗೆ ಬಂತು, ಮೂರು ಪಟ್ಟೂ ಆಗಲಿಲ್ಲ. ಮಿಕ್ಕಿದ್ದೆಲ್ಲ ಪೇಟೆಯ ಭರವಸೆ.

ಹಾಗೆಂದು ಆರರ ಪಿಇ ಪೇಟೆಯ ಪೆದ್ದುತನವೂ ಅಲ್ಲ. 2019ರ ಆರಂಭದಲ್ಲಿ ಸಂಬಳ ಕೊಡಲು ಸಾಲ ಮಾಡಿದ್ದ ಕಂಪನಿ ಅದು. ವಾಯುಪಡೆಯಿಂದ ಬರಬೇಕಿದ್ದ ಬಾಕಿ ಬಂದಿರಲಿಲ್ಲ. ಆಮೇಲೆ ಚಿತ್ರ ಬದಲಾಯಿತು: 2020ರ ಆಗಸ್ಟ್‌ನಲ್ಲಿ ಸರ್ಕಾರ 101 ರಕ್ಷಣಾ ಸಾಮಗ್ರಿಗಳ ಆಮದು ನಿಲ್ಲಿಸುವ ಪಟ್ಟಿ ಹೊರಡಿಸಿತು, ಮರುವರ್ಷ ಫೆಬ್ರುವರಿಯಲ್ಲಿ 83 ತೇಜಸ್‌ ಯುದ್ಧವಿಮಾನಗಳಿಗೆ ಸುಮಾರು 48,000 ಕೋಟಿಯ ಒಪ್ಪಂದವಾಯಿತು. ಬೋರ್ಡು ಅದೇ, ವ್ಯಾಪಾರದ ಹಣೆಬರಹ ಬೇರೆ. ಈ ಎರಡೂ ಕಾಲವನ್ನು ಕಲಸಿ ತೆಗೆದ ಸರಾಸರಿ ಯಾವ ಕಾಲಕ್ಕೂ ಹೊಂದುವುದಿಲ್ಲ.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದೇ: 2025ರ ಮಾರ್ಚ್‌ ಕೊನೆಗೆ ಕೈಯಲ್ಲಿದ್ದ ಆರ್ಡರ್‌ 1.89 ಲಕ್ಷ ಕೋಟಿ, ವರ್ಷದ ವಹಿವಾಟು 31,000 ಕೋಟಿಯ ಹತ್ತಿರ. ಆರು ವರ್ಷದ ಕೆಲಸ ಖಾತ್ರಿ ಇರುವಾಗ ಹೆಚ್ಚಿನ ಪಿಇ ಕೊಟ್ಟರೆ ತಪ್ಪೇನು? ತಪ್ಪಿಲ್ಲ, ವಿಮಾನ ಹೊತ್ತಿಗೆ ಸರಿಯಾಗಿ ಹೊರಬಿದ್ದರೆ. ಆ 83ರ ಒಪ್ಪಂದದ ತೇಜಸ್‌ ಮಾರ್ಕ್‌–1ಎ ವಿಮಾನಗಳ ಹಸ್ತಾಂತರ 2024ರಲ್ಲೇ ಶುರುವಾಗಬೇಕಿತ್ತು. ಅದಕ್ಕೆ ಬೇಕಾದ, ಅಮೆರಿಕದ ಜಿಇ ಕಂಪನಿಯ 99 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದೇ 2025ರ ಮಾರ್ಚ್‌ನಲ್ಲಿ. ಎಂಜಿನ್ನಿಗೆ ಕಾದ ವಿಮಾನ ಆರ್ಡರಿನ ಲೆಕ್ಕದಲ್ಲೇ ಉಳಿಯುತ್ತದೆ, ಗಳಿಕೆಗೆ ದಾಟುವುದಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇನ್ನೂ 97 ತೇಜಸ್‌ಗೆ 62,370 ಕೋಟಿಯ ಒಪ್ಪಂದವಾಯಿತು; ಸಾಲು ಉದ್ದವಾಯಿತೇ ಹೊರತು ವೇಗ ಹೆಚ್ಚಲಿಲ್ಲ. ಸರ್ಕಾರವೇ ಗಿರಾಕಿ, ಹಣ ಮುಳುಗದು ಎನ್ನುವವರೂ ಇದ್ದಾರೆ. ನಿಜ, ಮುಳುಗದು. ತಡವಾದೀತು; ದರ ಕಟ್ಟುವಾಗ ಚೌಕಾಸಿಗೆ ಕೂರುವುದೂ ಅದೇ ಗಿರಾಕಿಯೇ.

ಇನ್ನು ಪಿಇಯ ‘ಇ’, ಅಂದರೆ ಗಳಿಕೆ, ಕೂಡ ಅಂದುಕೊಂಡಷ್ಟು ಸರಳವಲ್ಲ. ಗಿರಾಕಿ ಮುಂಗಡ ಕೊಟ್ಟ ಹಣ ಬ್ಯಾಂಕಿನಲ್ಲಿ ಕೂತು ಬಡ್ಡಿ ದುಡಿಯುತ್ತದೆ. ಫಲಿತಾಂಶದ ಹಾಳೆಯಲ್ಲಿ ಅದು ‘ಇತರೆ ಆದಾಯ’ದ ಸಾಲಿನಲ್ಲಿರುತ್ತದೆ, ಸಣ್ಣ ಮೊತ್ತವೇನಲ್ಲ. ವಿಮಾನ ಕಟ್ಟಲು ಖರ್ಚಾಗುತ್ತ ಹೋದಂತೆ ಆ ಠೇವಣಿ ಕರಗುತ್ತದೆ. ಆ ಸಾಲನ್ನು ಬಿಟ್ಟು ಲೆಕ್ಕ ಹಾಕಿದರೆ, ಅಗ್ಗವಾಗಿ ಕಾಣುವ ಪಿಇ ಕೂಡ ಒಂದೆರಡು ಮೆಟ್ಟಿಲು ಮೇಲೇರುತ್ತದೆ.