ಶೋಲಿಕೋಲ ಕುಲನಿರ್ಣಯ: ಒಂದು ವಿಮರ್ಶೆ

ಪಶ್ಚಿಮ ಘಟ್ಟದ ಎತ್ತರದ ಕಾಡುಗಳಲ್ಲಿ ಮಾತ್ರ ವಾಸಿಸುವ ಹಾಡುಹಕ್ಕಿಗಳಿಗಾಗಿ ಎರಡು ನೂತನ ಕುಲಗಳನ್ನು ಸ್ಥಾಪಿಸುವ ಪ್ರಬಂಧವೊಂದನ್ನು ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್, ಸುಷ್ಮಾ ರೆಡ್ಡಿ ಮೊದಲಾದ ವಿದ್ವಾಂಸರು 2017ರಲ್ಲಿ ‘ಬಿ.ಎಂ.ಸಿ. ಎವಲ್ಯೂಷನರಿ ಬಯಾಲಜಿ’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ‘ಶೋಲಿಕೋಲ’ವು ನಮ್ಮ ಕೊಡಗಿನ ಬ್ರಹ್ಮಗಿರಿಗೂ ಸಂಬಂಧಪಟ್ಟುದಾದುದರಿಂದ ಅದರ ಗುಣದೋಷವಿಚಾರವು ಕನ್ನಡ ವಾಚಕರಿಗೆ ಅಪ್ರಕೃತವಾಗಲಾರದು.

ಹುಲ್ಲುಬೆಟ್ಟಗಳ ಮಡಿಲಲ್ಲಿ, ತೊರೆಗಳನ್ನು ಅನುಸರಿಸಿ ಬೆಳೆದ ಕುಳ್ಳು ಮರಗಳ ನಿತ್ಯಹರಿದ್ವರ್ಣದ ಕಾಡಿಗೆ ಶೋಲಾ ಎಂದು ಹೆಸರು. ಅದರ ಮಬ್ಬುನೆಳಲಿನಲ್ಲಿ, ತರಗೆಲೆಗಳ ನಡುವೆ ಹುಳುಗಳನ್ನು ಆಯುತ್ತ ಈ ಹಕ್ಕಿ ಬಾಳುತ್ತದೆ. ಕಡುನೀಲಿಯ ಮೈ, ಕಿತ್ತಳೆಗೆಂಪಿನ ಪಕ್ಕೆ, ನೀಳವಾದ ಕಾಲು ಇದರ ಲಕ್ಷಣಗಳು. ಮರದ ಪೊಟರೆಯಲ್ಲಿ ಅಥವಾ ತೊರೆಯ ದಡದ ಪೊಳ್ಳಿನಲ್ಲಿ ಪಾಚಿಯ ಗೂಡನ್ನು ಕಟ್ಟುತ್ತದೆ. ಮನುಷ್ಯನ ಸುಳಿವು ಸಿಕ್ಕರೆ ಪೊದೆಯೊಳಗೆ ಮರೆಯಾಗುವುದರಿಂದ ಇದನ್ನು ಕಂಡವರಿಗಿಂತ ಕೇಳಿದವರೇ ಹೆಚ್ಚು.

ಕಾಣಸಿಗದ ಹಕ್ಕಿಯ ವಂಶವನ್ನು ಹಿಂದಿನವರು ಸತ್ತ ಹಕ್ಕಿಯ ಚರ್ಮವನ್ನು ನೋಡಿ ಊಹಿಸಬೇಕಾಗಿತ್ತು. 1840ರ ದಶಕದಲ್ಲಿ ವೈದ್ಯನಾದ ಜೆರ್ಡನ್ ಇದನ್ನು ಕೆಂಬಾಲದ ಹಕ್ಕಿಗಳೊಡನೆ ‘ಫೀನಿಕುರ’ ಕುಲದಲ್ಲಿಟ್ಟನು. ಅನಂತರದವರು ಮೊಟಕುರೆಕ್ಕೆಯ ‘ಬ್ರ್ಯಾಕಿಪ್ಟೆರಿಕ್ಸ್’ ಕುಲಕ್ಕೆ ಸೇರಿಸಿದರು. 2005ರಲ್ಲಿ ‘ಮಯೋಮೇಲ’ಕ್ಕೆ ವರ್ಗಾಯಿಸಿದರು. ಪ್ರತಿಯೊಂದು ನಿರ್ಣಯದಲ್ಲಿಯೂ ಇದು ದೂರದೇಶದ ಮನೆತನದ ಒಂದು ಕವಲೆಂದೇ ಗಣಿತವಾಯಿತು.

ಪ್ರಬಂಧಕಾರರ ಗುಣವೇನೆಂದರೆ, ಹೊರರೂಪವೊಂದನ್ನೇ ನೆಚ್ಚದೆ ಅನುವಂಶಧಾತು, ದೇಹದ ಅಳತೆ, ಗರಿಯ ಬಣ್ಣ, ಹಾಡು ಇವುಗಳನ್ನೆಲ್ಲ ಪ್ರಮಾಣವಾಗಿ ಹಿಡಿದುದು. ಈ ಹಕ್ಕಿಗಳು ಮೊಟಕುರೆಕ್ಕೆಯವುಗಳ ಬಳಗವಲ್ಲ, ನೊಣಹಿಡುಕಗಳಿಗೆ ಸಮೀಪವಾದ ಪ್ರತ್ಯೇಕ ಶಾಖೆ ಎಂದು ಸಿದ್ಧಪಡಿಸಿರುತ್ತಾರೆ. ಪಾಲಕ್ಕಾಡಿನ ಕಣಿವೆಗೆ ಉತ್ತರದಲ್ಲಿ ಒಂದು, ದಕ್ಷಿಣದಲ್ಲಿ ಎರಡು, ಹೀಗೆ ಮೂರು ಜಾತಿಗಳು. ಎತ್ತರದ ತಂಪಿಗೆ ಒಗ್ಗಿದವಕ್ಕೆ ಕೆಳಗಿನ ಬಿಸಿ ಕಣಿವೆಯೇ ಸಮುದ್ರ.

ದೇಶ್ಯವಾದ ‘ಶೋಲ’ಕ್ಕೆ ‘ವಾಸಿ’ ಎಂಬರ್ಥದ ಲ್ಯಾಟಿನ್ ಪದವನ್ನು ಕೂಡಿಸಿದ ಶಾಸ್ತ್ರೀಯ ನಾಮವು ಸಂಕರವಾದರೂ ಸಾರ್ಥಕ. ಆದರೆ ಇಂಗ್ಲಿಷ್ ಪಟ್ಟಿಗಳಲ್ಲಿ ಬಳಕೆಗೆ ಬಂದಿರುವ ‘ಶೋಲಕಿಳಿ’ಯನ್ನು ಕನ್ನಡಕ್ಕೆ ಹಾಗೆಯೇ ತರುವುದು ಯುಕ್ತವಲ್ಲ. ಮಲೆಯಾಳದಲ್ಲಿ ‘ಕಿಳಿ’ ಎಂದರೆ ಯಾವ ಹಕ್ಕಿಯೂ ಆದೀತು. ಅದರ ಜ್ಞಾತಿಯಾದ ಕನ್ನಡದ ‘ಗಿಳಿ’ ಶುಕವೊಂದೇ. ನಮ್ಮವರು ಇದನ್ನು ಗಿಳಿಯ ಜಾತಿಯೆಂದು ಭ್ರಮಿಸಿಯಾರು. ಜಕ್ಕವಕ್ಕಿ, ಎಣೆವಕ್ಕಿಗಳ ಮಾದರಿಯಲ್ಲಿ ‘ಶೋಲವಕ್ಕಿ’ ಎಂದರೆ ಭಾಷೆಗೂ ವಸ್ತುವಿಗೂ ಒಪ್ಪುತ್ತದೆ.

ಇದು ಕೇವಲ ಶಬ್ದಜಿಜ್ಞಾಸೆಯಲ್ಲ. ಚಹಾ, ನೀಲಗಿರಿಮರ, ವ್ಯಾಟಲ್ ತೋಪುಗಳು ಘಟ್ಟದ ಶೋಲಾ ಮತ್ತು ಹುಲ್ಲುಗಾವಲುಗಳ ಬಹುಭಾಗವನ್ನು ಆಕ್ರಮಿಸಿವೆ. ಬ್ರಹ್ಮಗಿರಿಯ ಜಾತಿಯು ವಿನಾಶದಂಚಿನವುಗಳ ಪಟ್ಟಿಯಲ್ಲಿದೆ. ದೊಡ್ಡ ಕುಲದ ಒಂದು ಕವಲೆಂದು ತಿಳಿದಿದ್ದಾಗ ಇದರ ಅಳಿವು ಒಂದು ಕೊಂಬೆ ಮುರಿದಂತೆ ತೋರುತ್ತಿತ್ತು. ಮೂರೇ ಜಾತಿಗಳ ಈ ಕುಲಕ್ಕೆ ಬೇರೆಲ್ಲಿಯೂ ನೆಲೆಯಿಲ್ಲವೆಂದು ಈಗ ಸ್ಪಷ್ಟವಾಗಿರುವುದರಿಂದ, ಇಲ್ಲಿ ಅಳಿದರೆ ವಂಶವೇ ಅಳಿದಂತೆ. ಈ ಅರಿವನ್ನು ತಂದುಕೊಟ್ಟ ಪ್ರಬಂಧವು ಕನ್ನಡದಲ್ಲಿಯೂ ಸಂಗ್ರಹರೂಪವಾಗಿ ಬರುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.