ಒಂಬತ್ತು ಗರಿ, ಒಂದು ಸಹಿ

ಕೌಂಟಿ ಕಾರ್ಕ್‌ನ ಮಿಡಲ್‌ಟನ್‌ನಲ್ಲಿ ಒಂದು ಶಿಲ್ಪ ಇದೆ. ಸ್ಟೀಲಿನ ಒಂಬತ್ತು ಹದ್ದಿನ ಗರಿಗಳು ಸುತ್ತಲೂ ಎದ್ದು ನಿಂತು, ಖಾಲಿ ಬಟ್ಟಲಿನ ಆಕಾರ ತಾಳಿವೆ. 1847ರ ಕ್ಷಾಮದಲ್ಲಿ ಅಮೆರಿಕದ ಚಾಕ್ಟಾ ಬುಡಕಟ್ಟಿನವರು ಐರ್ಲೆಂಡಿಗೆ ದುಡ್ಡು ಕಳಿಸಿದ್ದರು. ಅವರನ್ನೇ ಅವರ ನೆಲದಿಂದ ಒಕ್ಕಲೆಬ್ಬಿಸಿ ಆಗ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಆ ಋಣ ನೆನೆದು ಅಲೆಕ್ಸ್ ಪೆಂಟೆಕ್ ಮಾಡಿದ ಈ ಶಿಲ್ಪ 2017ರಲ್ಲಿ ಅರ್ಪಣೆಯಾಯಿತು. ಒಳ್ಳೆಯ ಕೃತಿ. ಹಸಿವನ್ನೂ ಕೊಡುಗೆಯನ್ನೂ ಒಂದೇ ಆಕಾರದಲ್ಲಿ ಹಿಡಿದಿದೆ.

ಆದರೆ ಈ ಕೃತಜ್ಞತೆ ತೀರಾ ಸಲೀಸು ಅನ್ನಿಸುತ್ತೆ. ಯಾಕಂದ್ರೆ ಚಾಕ್ಟಾ ಜನ ಇಲ್ಲಿ ಜಾಗ ಕೇಳೋದಿಲ್ಲ.

ಜಾಗ ಕೇಳುವವರು ಟ್ರಾವೆಲರ್‌ಗಳು. ಇದೇ ನೆಲದವರು, ತಮ್ಮದೇ ನುಡಿಯುಳ್ಳವರು, ತಮ್ಮನ್ನು ಮಿಂಕೇರಿ ಅಂತ ಕರೆದುಕೊಳ್ಳುವವರು. 2022ರ ಜನಗಣತಿಯ ಪ್ರಕಾರ 32,949 ಮಂದಿ. 1963ರ ಸರ್ಕಾರಿ ಆಯೋಗದ ವರದಿ ಇವರನ್ನು ಒಂದು ಸಮಸ್ಯೆ ಎಂದೇ ಕಂಡಿತು. ಉಳಿದ ಸಮಾಜದೊಳಗೆ ಕರಗಿಸಿಬಿಡುವುದೇ ಅದರ ಗುರಿ. ಆಯೋಗದಲ್ಲಿ ಒಬ್ಬ ಟ್ರಾವೆಲರ್ ಕೂಡ ಇರಲಿಲ್ಲ. ಇವರೊಂದು ಪ್ರತ್ಯೇಕ ಜನಾಂಗ ಅಂತ ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ ಒಪ್ಪಿಕೊಂಡಿದ್ದು 2017ರ ಮಾರ್ಚ್ 1ರಂದು. ಬ್ರಿಟಿಷರು ಹೋಗಿ 95 ವರ್ಷವಾದ ಮೇಲೆ! ಆಳುವವರು ಬದಲಾದರೂ ನೋಡುವ ಕಣ್ಣು ಬದಲಾಗಿರಲಿಲ್ಲ.

ಆ ಕಣ್ಣು ನಮಗೇನೂ ಹೊಸದಲ್ಲ. 1871ರಲ್ಲಿ ಬ್ರಿಟಿಷರು ತಂದ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳು ಅಂತ ಸಾರಿತು. ಮುಂದೆ ಹುಬ್ಬಳ್ಳಿಯಲ್ಲಿ ಅಂಥವರನ್ನು ತಂತಿಬೇಲಿಯೊಳಗೆ ಕೂಡಿಹಾಕಿ ಹಾಜರಿ ತಗೊಂಡರು. 1952ರಲ್ಲಿ ಕಾಯ್ದೆ ರದ್ದಾಯಿತು. ಆದರೆ ಆ ಜಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. ಊರಲ್ಲಿ ಕಳ್ಳತನವಾದರೆ ಅಲೆಮಾರಿಗಳ ಟೆಂಟಿನ ಕಡೆಗೇ ಮೊದಲು ಕೈ ತೋರಿಸುವ ಚಾಳಿಯೂ ಹೋಗಿಲ್ಲ.

ಈಗ ಆಡಮ್ಸ್‌ಟೌನಿಗೆ ಬನ್ನಿ. ಡಬ್ಲಿನ್ನಿನ ಪಶ್ಚಿಮಕ್ಕಿರುವ ಈ ಹೊಸ ಊರಲ್ಲಿ ಭಾರತೀಯರು ಬೇಕಾದಷ್ಟು ಇದ್ದಾರೆ. ಹೊಸದಾಗಿ ಬಂದವರಿಗೆ ಬಾಡಿಗೆ, ಶಾಲೆ, ದಿನಸಿ ಅಂಗಡಿ ವಿಷಯದ ಜೊತೆಗೇ "ಅವರ ಹತ್ರ ಹುಷಾರು" ಅನ್ನೋ ಬುದ್ಧಿವಾದವೂ ಸಿಗುತ್ತೆ. ಹೇಳಿದವರಾಗಲಿ ಕೇಳಿದವರಾಗಲಿ ಒಬ್ಬ ಟ್ರಾವೆಲರ್ ಜೊತೆಗೂ ಮಾತಾಡಿರೋದಿಲ್ಲ. ಬಣ್ಣದ ಕಾರಣಕ್ಕೆ ನಮ್ಮನ್ನು ಯಾರಾದರೂ ಹೀಗೇ ಅಳೆದರೆ ಮಾತ್ರ ನಮಗೆ ಸಿಟ್ಟು ಬರುತ್ತೆ.

ಗೌರವ ಅಂದರೆ ಶಿಲ್ಪ, ಭಾಷಣ ಇಷ್ಟೇ ಅಲ್ಲ. ಮೊದಲು ಅವರು ತಮಗೆ ಇಟ್ಟುಕೊಂಡ ಹೆಸರು ಕಲಿಯಬೇಕು. ಅವರ ಬಗ್ಗೆ ತೀರ್ಮಾನ ಮಾಡುವ ಸಭೆಯಲ್ಲಿ ಅವರೂ ಇರಬೇಕು. ಆಮೇಲೆ ಪಕ್ಕದಲ್ಲೇ ಕ್ಯಾರವಾನ್‌ಗಳಿಗೆ ಜಾಗ ಕೊಡುವ ಪ್ರಸ್ತಾಪ ಬಂದು, ಬೇಡ ಅನ್ನುವ ಅರ್ಜಿಗೆ ಸಹಿ ಕೇಳಿಕೊಂಡು ಯಾರೋ ಬಾಗಿಲು ತಟ್ಟಿದಾಗ, ಪೆನ್ನು ತಗೊಳ್ಳೋದಾ ಬೇಡ್ವಾ? ಚಾಕ್ಟಾ ಜನರ ಕಥೆಯಿಂದ ನಾವು ಏನು ಕಲಿತೆವು ಅನ್ನೋದು ಗೊತ್ತಾಗೋದು ಅಲ್ಲೇ.